ತಂಗಿಯ ತುಟಿಯ ಕಪ್ಪು

ಮುಖದ ಮೇಲಿನ ಕಪ್ಪು ಕಲೆಗಳನ್ನು ಕಾಣದಂತೆ ಮಾಡುವುದರಲ್ಲಿ ಅಕ್ಕನದು ಎತ್ತಿದ ಕೈ. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ, ಹೊಲಿಗೆ ಅಂಗಡಿಯ ಮಹಡಿಯ ಮೇಲೆ ಅವಳ ಬ್ಯೂಟಿ ಪಾರ್ಲರ್ ಇತ್ತು. ಎರಡು ಕುರ್ಚಿ, ಗೋಡೆಯುದ್ದದ ಕನ್ನಡಿ, ಅದರ ಸುತ್ತ ಬಲ್ಬುಗಳು, ಮೂಲೆಯಲ್ಲಿ ಸದಾ ತೊಟ್ಟಿಕ್ಕುವ ನಲ್ಲಿ. ಇಷ್ಟೇ ಅವಳ ಸಾಮ್ರಾಜ್ಯ. ಅಲ್ಲಿ ಅವಳದೇ ಕೊನೆಯ ಮಾತು. ಕುರ್ಚಿಯಲ್ಲಿ ಕೂತವರ ಗಲ್ಲ ಹಿಡಿದೆತ್ತಿ ದೀಪಕ್ಕೆ ಒಡ್ಡಿ, “ಇದು ಬಿಸಿಲಿಗೆ ಬಂದದ್ದು. ಇದು ಮೊಡವೆ ಚಿವುಟಿದ್ದು, ಸುಳ್ಳು ಹೇಳ್ಬೇಡಿ. ಇದು ಹೆರಿಗೆ ಆದ್ಮೇಲೆ ಬಂದದ್ದು, ನಿಧಾನಕ್ಕೆ ಹೋಗುತ್ತೆ,” ಎಂದು ಹೇಳಿಬಿಡುತ್ತಿದ್ದಳು. ತುಟಿ ಕಪ್ಪಾಗಿದ್ದರೆ ಹಳೆಯ ಲಿಪ್‌ಸ್ಟಿಕ್ಕು, ತುಟಿ ನೆಕ್ಕುವ ಚಾಳಿ, ಇಲ್ಲವೇ ಸಿಗರೇಟು. ಇವುಗಳಲ್ಲಿ ಒಂದು ಇದ್ದೇ ಇರಬೇಕೆಂಬುದು ಅವಳ ತೀರ್ಮಾನ. ಬಹಳ ಸಲ ಅದು ನಿಜವೂ ಆಗುತ್ತಿತ್ತು, ಪಾಪ. ಸುಳ್ಳಾಗಿದ್ದರೆ ಅವಳಿಗೆ ಒಳ್ಳೆಯದಿತ್ತು.

ಅಪ್ಪ ಅಮ್ಮ ಹೋದ ಮೇಲೆ ಮನೆಯಲ್ಲಿ ಉಳಿದವರು ಅಕ್ಕ, ತಂಗಿ ಇಬ್ಬರೇ. ತಂಗಿ ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಗಿರಾಕಿಗಳ ಮೂಗಿನ ಮೇಲೆ ಫ್ರೇಮು ಕೂರಿಸಿ, ಕಿವಿಯ ಹಿಂದೆ ಕಡ್ಡಿ ಬಗ್ಗಿಸಿ, ಸರಿಹೋಯಿತೇ ಎಂದು ಅವರ ಮುಖಕ್ಕೆ ಮುಖ ಕೊಟ್ಟು ನೋಡುವ ಕೆಲಸ. ಹಾಗೆ ನೋಡುವಾಗ ಅವರೂ ಇವಳನ್ನು ನೋಡುತ್ತಾರೆ. ಒಂದು ದಿನ ಅಂಗಡಿಯ ಯಜಮಾನ, “ಏನಮ್ಮ, ತುಟಿ ಮೇಲೆ ಶಾಯಿ ಚೆಲ್ಕೊಂಡಿದ್ದೀಯಾ?” ಎಂದು ಕೇಳಿದ. ತಂಗಿ ಸಂಜೆ ಬಂದವಳೇ ಪಾರ್ಲರಿನ ಕುರ್ಚಿಯಲ್ಲಿ ಕೂತು ಅಕ್ಕನಿಗೆ ತುಟಿ ತೋರಿಸಿದಳು. ಕೆಳತುಟಿಯ ಮೇಲೆ ಸಾಸಿವೆಯಷ್ಟು ಸಣ್ಣ ಕಪ್ಪು ಚುಕ್ಕೆಗಳಿದ್ದವು.

ಅಕ್ಕ ಅವಳ ಲಿಪ್‌ಸ್ಟಿಕ್ಕುಗಳನ್ನೆಲ್ಲ ಕಸದ ಬುಟ್ಟಿಗೆ ಹಾಕಿದಳು. ಬಿಸಿಲಿಗೆ ಹೋಗುವಾಗ ಹಚ್ಚಲು ಮುಲಾಮು, ಮಲಗುವಾಗ ಹಚ್ಚಲು ಇನ್ನೊಂದು ಕೊಟ್ಟಳು. ಚುಕ್ಕೆಗಳು ಮಾತು ಕೇಳಲಿಲ್ಲ. ಒಂದಕ್ಕೊಂದು ಕೂಡಿಕೊಂಡು ತುಟಿಯ ಅಂಚಿಗೆ ಹಬ್ಬಿದವು. ಕೆನ್ನೆಗೆ ಮಸಿ ಬಳಿದಂತಾಯಿತು, ಬೆರಳ ಗೆಣ್ಣುಗಳು ಕಪ್ಪಾದವು, ಚಿಕ್ಕಂದಿನಲ್ಲಿ ಬಿದ್ದು ಮೊಣಕಾಲಿಗೆ ಆಗಿದ್ದ ಗಾಯದ ಗುರುತು ಕೂಡ ಕಪ್ಪಿಗೆ ತಿರುಗಿತು. ತನ್ನ ಮದ್ದು ಸೋಲುವುದೆಂದರೆ ಅಕ್ಕನಿಗೆ ಮೈಯೆಲ್ಲ ಉರಿ. ಮದ್ದು ಸರಿಯಿದೆ ಎಂದಾದ ಮೇಲೆ ತಪ್ಪು ತಂಗಿಯದೇ ಇರಬೇಕಲ್ಲ.

“ನಿಜ ಹೇಳು. ಸಿಗರೇಟು ಸೇದ್ತಿದ್ದೀಯಾ?” ಎಂದು ಕೇಳಿಯೇಬಿಟ್ಟಳು.

“ಇಲ್ಲ ಕಣೆ.”

“ನಾನು ದಿನಾ ಎಷ್ಟು ತುಟಿ ನೋಡ್ತೀನಿ ಗೊತ್ತಾ? ನನ್ನ ಕಿವಿಗೇ ಹೂವಿಡ್ತೀಯಾ?”

ತಂಗಿ ಎದ್ದು ಒಳಗೆ ಹೋದಳು. ಅಂದಿನಿಂದ ಅಕ್ಕ ಅವಳ ಕೈಚೀಲ ತಡಕಿದಳು, ಬಟ್ಟೆ ಮೂಸಿದಳು. ಏನೂ ಸಿಗದಿದ್ದಾಗ, ಚೆನ್ನಾಗಿಯೇ ಬಚ್ಚಿಟ್ಟಿದ್ದಾಳೆ ಎಂದುಕೊಂಡಳು. ತಂಗಿ ಇತ್ತೀಚೆಗೆ ಊಟ ಸೇರದೆ ತಟ್ಟೆ ಸರಿಸಿ ಏಳುತ್ತಿದ್ದಳು. ಆದರೆ ಉಪ್ಪಿನ ಡಬ್ಬಿಗೆ ಕೈಹಾಕಿ, ಅಂಗೈಗೆ ಸುರಿದುಕೊಂಡು ನೆಕ್ಕುತ್ತಿದ್ದಳು. ಮೆಟ್ಟಿಲು ಹತ್ತುವಾಗ ನಡುವೆ ಕೂತುಬಿಡುತ್ತಿದ್ದಳು. ಅಕ್ಕ ಇದನ್ನೆಲ್ಲ ಕಂಡಳು, ಬೈದದ್ದಕ್ಕೆ ಮುಖ ಊದಿಸಿಕೊಂಡಿದ್ದಾಳೆ ಎಂದೇ ತಿಳಿದಳು. ಅಷ್ಟು ಹತ್ತಿರದಿಂದ ನೋಡಿಯೂ ಕಾಣದೆ ಹೋದದ್ದಕ್ಕೆ ಅವಳನ್ನು ಬೈಯಬೇಕೋ, ಅವಳಿಗಾಗಿ ಮರುಗಬೇಕೋ ತಿಳಿಯುವುದಿಲ್ಲ.

ತಂಗಿ ಅಂಗಡಿಯಲ್ಲಿ ತಲೆ ತಿರುಗಿ ಬಿದ್ದಳೆಂದು ಯಜಮಾನ ಫೋನ್ ಮಾಡಿದಾಗ ಮಾತ್ರ ಅಕ್ಕ ಕೈಯಲ್ಲಿದ್ದ ಕೆಲಸ ಬಿಟ್ಟು ಓಡಿದಳು. ಮರುದಿನವೇ ಡಾಕ್ಟರ ಬಳಿ ಹೋಗುವುದೆಂದಾಯಿತು. ಹೊರಡುವ ಮೊದಲು, ಬೇರೆ ಯಾರ ಮನೆಯಲ್ಲೂ ನಡೆಯಲಾರದ ಒಂದು ಕೆಲಸ ನಡೆಯಿತು. ಅಕ್ಕ ತಂಗಿಯನ್ನು ಪಾರ್ಲರಿನ ಕುರ್ಚಿಯಲ್ಲಿ ಕೂರಿಸಿದಳು.

“ಡಾಕ್ಟ್ರ ಹತ್ರ ಹೋಗೋದಕ್ಕೆ ಮೇಕಪ್ ಯಾಕೆ?” ಎಂದಳು ತಂಗಿ.

“ಅಲ್ಲಿ ಅರ್ಧ ಜನ ನನ್ನ ಗಿರಾಕಿಗಳೇ ಕೂತಿರ್ತಾರೆ. ನಿನ್ನ ಮುಖ ನೋಡಿದ್ರೆ ನಾಳೆಯಿಂದ ಯಾರು ಬರ್ತಾರೆ ಇಲ್ಲಿಗೆ? ಸುಮ್ನೆ ಕೂತ್ಕೋ.”

ಕಪ್ಪಿನ ಮೇಲೆ ನೇರವಾಗಿ ಮೈಬಣ್ಣ ಬಳಿದರೆ ಬೂದಿಯಂತೆ ಕಾಣುತ್ತದೆ. ಆದ್ದರಿಂದ ಅಕ್ಕ ಮೊದಲು ಕಿತ್ತಳೆ ಬಣ್ಣದ ತೆಳು ಪದರ ಕೂರಿಸಿದಳು, ಅದರ ಮೇಲೆ ಮೈಬಣ್ಣ, ಕೊನೆಗೆ ಪುಡಿ. ತುಟಿಯ ಕಪ್ಪನ್ನೂ ಹಾಗೆಯೇ ಮುಚ್ಚಿ ಗುಲಾಬಿ ಬಣ್ಣ ಹಚ್ಚಿದಳು. ಬೆರಳ ಗೆಣ್ಣುಗಳನ್ನೂ ಬಿಡಲಿಲ್ಲ. ಕಣ್ಣಲ್ಲಿ ಕಣ್ಣಿಟ್ಟು ನೋಡಿದರೂ ಗೊತ್ತಾಗದಂಥ ಕೆಲಸ ಅದು. ಅಷ್ಟು ಚೆನ್ನಾದದ್ದನ್ನು ಅವಳು ಹಿಂದೆಂದೂ ಮಾಡಿರಲಿಲ್ಲ.

ಡಾಕ್ಟರು ವಯಸ್ಸಾದವರು, ನಿಧಾನಸ್ಥರು. ನಾಡಿ ಹಿಡಿದರು, ಕಣ್ಣರೆಪ್ಪೆ ಕೆಳಗೆಳೆದರು, ರಕ್ತದೊತ್ತಡ ನೋಡಿ “ಸ್ವಲ್ಪ ಕಮ್ಮಿ ಇದೆ” ಎಂದರು. “ಬೇರೆ ಏನಾದ್ರೂ ತೊಂದರೆ ಇದೆಯಾ?”

“ಮುಖದ ಮೇಲೆ ಸ್ವಲ್ಪ...” ಎಂದು ತಂಗಿ ಬಾಯಿ ತೆರೆದಳು.

“ಅದು ಬಿಡಿ ಡಾಕ್ಟ್ರೇ, ಅದು ನನ್ನ ಇಲಾಖೆ,” ಎಂದು ಅಕ್ಕ ನಡುವೆ ಬಾಯಿ ಹಾಕಿದಳು. ಡಾಕ್ಟರು ನಕ್ಕರು.

“ಮುಖದಲ್ಲಿ ಕಳೆ ಇದೆಯಲ್ಲಮ್ಮ, ಏನೂ ಆಗಿಲ್ಲ. ನಿಂತು ನಿಂತು ದಣಿದಿದ್ದೀಯ. ಟಾನಿಕ್ ಬರ್ದಿದ್ದೀನಿ, ಹೊತ್ತಿಗೆ ಸರಿಯಾಗಿ ಊಟ ಮಾಡು.”

ಮೆಟ್ಟಿಲಿಳಿಯುವಾಗ ಅಕ್ಕನಿಗೆ ಸಮಾಧಾನವಾಗಿತ್ತು. ಸಮಾಧಾನ ಮಾತ್ರವಲ್ಲ, ಹೆಮ್ಮೆಯೂ ಆಗಿತ್ತು. ಡಾಕ್ಟರ ಕಣ್ಣಿಗೂ ಬೀಳದ ಹಾಗೆ ಮಾಡಿದೆನಲ್ಲ ಎಂದು ಒಳಗೊಳಗೇ ಬೆನ್ನು ತಟ್ಟಿಕೊಂಡಳು. ತಂಗಿ ಕಂಬಿ ಹಿಡಿದು ಹಿಂದಿನಿಂದ ಒಂದೊಂದೇ ಮೆಟ್ಟಿಲು ಇಳಿಯುತ್ತಿದ್ದಳು.

ಅಂದಿನಿಂದ ಅಕ್ಕ ದಿನವೂ ಬೆಳಗ್ಗೆ ತಂಗಿಯ ಮುಖಕ್ಕೆ ಹಾಗೆಯೇ ಬಣ್ಣ ಹಚ್ಚುತ್ತಿದ್ದಳು. ಟಾನಿಕ್ ಸೀಸೆ ಖಾಲಿಯಾಗುವ ಮೊದಲೇ ಒಂದು ದಿನ ತಂಗಿಗೆ ವಾಂತಿ ಹತ್ತಿತು. ನೀರು ಕುಡಿದರೂ ನಿಲ್ಲದು. ಅಕ್ಕ ಅಂದು ಪಾರ್ಲರು ಮುಚ್ಚಿ ಮಧ್ಯಾಹ್ನ ಮನೆಗೆ ಬರುವಷ್ಟರಲ್ಲಿ ತಂಗಿ ಬಚ್ಚಲಲ್ಲಿ ಬಿದ್ದಿದ್ದಳು. ಕೈಕಾಲು ಸೆಟೆದು ನಡುಗುತ್ತಿದ್ದವು, ಕರೆದರೆ ಉತ್ತರವಿರಲಿಲ್ಲ.

ದೊಡ್ಡ ಆಸ್ಪತ್ರೆಯಲ್ಲಿ ನರ್ಸು ಮೂಗಿಗೆ ನಳಿಗೆ ಅಂಟಿಸಲೆಂದು ಒದ್ದೆ ಹತ್ತಿಯಿಂದ ತಂಗಿಯ ಮುಖ ಒರೆಸಿದಳು. ಬೆಳಗ್ಗೆ ಅಕ್ಕ ಹಚ್ಚಿದ್ದ ಬಣ್ಣ ಹತ್ತಿಗೆ ಬಂತು, ಅಡಿಯಲ್ಲಿದ್ದ ಕಪ್ಪು ಬಯಲಾಯಿತು. ನರ್ಸು ಕೈ ನಿಲ್ಲಿಸಿ ಡಾಕ್ಟರನ್ನು ಕೂಗಿದಳು. ಈ ಡಾಕ್ಟರು ಅಕ್ಕನಿಗಿಂತ ಚಿಕ್ಕವಳು. ತಂಗಿಯ ತುಟಿ ಎತ್ತಿ ವಸಡು ನೋಡಿದಳು, ಅಂಗೈ ಬಿಡಿಸಿ ಗೆರೆಗಳನ್ನು ನೋಡಿದಳು. ಅಲ್ಲೂ ಕಪ್ಪು.

“ಇವರು ಉಪ್ಪು ಜಾಸ್ತಿ ತಿಂತಿದ್ರಾ?” ಎಂದಳು.

ಅಕ್ಕ ಹೌದೆಂದು ತಲೆಯಾಡಿಸಿದಳು. ಚುಚ್ಚುಮದ್ದು ಕೊಟ್ಟು, ಸಲೈನ್ ಏರಿಸಿ ಮುಗಿಸಿದ ಮೇಲೆ ಆ ಡಾಕ್ಟರು ಅವಳನ್ನು ಬೆಂಚಿನ ಮೇಲೆ ಕೂರಿಸಿ ಹೇಳಿದಳು. “ಕಿಡ್ನಿ ಮೇಲೊಂದು ಸಣ್ಣ ಗ್ರಂಥಿ ಇರುತ್ತೆ. ಅದು ಕೆಲಸ ನಿಲ್ಲಿಸಿದ್ರೆ ಮೈಯಲ್ಲಿ ಉಪ್ಪು, ಸಕ್ಕರೆ ಎಲ್ಲಾ ಇಳಿದುಹೋಗುತ್ತೆ. ಮೊದಲು ಗೊತ್ತಾಗೋದೇ ಈ ಕಪ್ಪಿಂದ. ದಿನಾ ಮಾತ್ರೆ ತಗೊಂಡ್ರೆ ಎಲ್ಲರ ಹಾಗೇ ಇರಬಹುದು. ನೀವು ಮೊದಲು ಯಾವ ಡಾಕ್ಟ್ರಿಗೂ ತೋರಿಸ್ಲಿಲ್ವಾ?”

“ತೋರಿಸಿದ್ದೆ,” ಎಂದಳು ಅಕ್ಕ. ಸೀರೆಯ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ತಂಗಿಯ ಪ್ರಾಣ ಉಳಿಯಿತು. ಆದರೆ ಸಕ್ಕರೆ ತೀರಾ ಇಳಿದು ಬಹಳ ಹೊತ್ತು ಹಾಗೇ ಇದ್ದದ್ದರಿಂದ ಮೆದುಳಿಗೆ ಪೆಟ್ಟು ಬಿದ್ದಿತ್ತು. ಮಾತು ತೊದಲುತ್ತದೆ, ಬೆಳಗ್ಗೆ ನಡೆದದ್ದು ಸಂಜೆಗೆ ನೆನಪಿರುವುದಿಲ್ಲ, ಚಮಚ ಕೈಯಲ್ಲಿ ನಿಲ್ಲುವುದಿಲ್ಲ. ಇನ್ನು ಇಷ್ಟೇ ಎಂದು ಆ ಡಾಕ್ಟರು ಬಿಡಿಸಿ ಹೇಳಿದಳು. ಒಬ್ಬಳನ್ನೇ ಮನೆಯಲ್ಲಿ ಬಿಡುವಂತಿಲ್ಲವೆಂದು ಅಕ್ಕ ಅವಳನ್ನು ದಿನವೂ ಪಾರ್ಲರಿಗೆ ಕರೆತಂದು ಕಿಟಕಿಯ ಪಕ್ಕ ಕೂರಿಸುತ್ತಾಳೆ, ಹೊತ್ತಿಗೆ ಸರಿಯಾಗಿ ಮಾತ್ರೆ ನುಂಗಿಸುತ್ತಾಳೆ. ಆ ಮಾತ್ರೆಗೆ ಕಪ್ಪು ಕರಗುತ್ತ ಬಂತು. ಕೆನ್ನೆ ತಿಳಿಯಾಯಿತು, ತುಟಿ ಮೊದಲಿನ ಬಣ್ಣಕ್ಕೆ ಬಂತು.

ಮೊನ್ನೆ ಒಬ್ಬ ಹೊಸ ಗಿರಾಕಿ ಬಂದಳು. ಬಾಯಿಯ ಸುತ್ತ ಕಪ್ಪು ಹಿಡಿದಿದೆಯೆಂದು ಬಂದವಳು, ಕೂರುವ ಮುಂಚೆ ಕಿಟಕಿಯ ಕಡೆ ನೋಡಿ ನಿಂತುಬಿಟ್ಟಳು.

“ಎಷ್ಟು ಚೆನ್ನಾಗಿದೆ ಈ ಹುಡುಗಿ ಮುಖ, ಒಂದು ಚುಕ್ಕೆ ಇಲ್ಲ. ಏನಮ್ಮ ಹಚ್ತೀಯಾ?”

ಅಕ್ಕ ಉತ್ತರ ಕೊಡಲು ಬಾಯಿ ತೆರೆದಳು. ಅಷ್ಟರಲ್ಲಿ ತಂಗಿ ಕತ್ತು ಮೇಲೆತ್ತಿದಳು. ಒಂದೊಂದೇ ಮಾತನ್ನು ಹುಡುಕಿ ತಂದು ಜೋಡಿಸಿ, ಮುಖ ಅರಳಿಸಿಕೊಂಡು ಹೇಳಿದಳು:

“ನಮ್ಮಕ್ಕ... ನಮ್ಮಕ್ಕಾನೇ ವಾಸಿ ಮಾಡಿದ್ದು.”

“ಹಾಗಾದ್ರೆ ನಿಮ್ಮ ಕೈಗುಣ ಒಳ್ಳೇದಿರಬೇಕು, ನನಗೂ ಅದನ್ನೇ ಮಾಡಿ,” ಎನ್ನುತ್ತ ಗಿರಾಕಿ ಕುರ್ಚಿಯಲ್ಲಿ ಒರಗಿ ಕಣ್ಣು ಮುಚ್ಚಿದಳು. ಅಕ್ಕ ಅವಳ ಮುಖದ ಮುಂದೆ ಎರಡೂ ಕೈಗಳನ್ನು ಹಿಡಿದು ನಿಂತಳು. ಮುಟ್ಟಲು ಧೈರ್ಯ ಬರಲಿಲ್ಲ.