ಮಹೆಕಳ ಜಾಗ ಬದಲಿಸಿದ್ದು

ಕ್ಷಮಿಸಬೇಕು. ಸಂಜೆ ಕಾಲೇಜಿನಲ್ಲಿ ಓದಿ ಅತಿಥಿ ಶಿಕ್ಷಕಿಯಾದ ನಾನು ಮೇಲಿನವರ ತಪ್ಪು ಹೇಳುವುದು ಹೆಚ್ಚಾಯಿತೇನೋ. ಆದರೂ ಹೇಳುತ್ತೇನೆ.

ಕುಲಗೋಡದ ಆಚೆಯ ನಮ್ಮ ತೋಟದ ಶಾಲೆಯಲ್ಲಿ ಮೊದಲ ಮೂರು ತರಗತಿಗಳಿಗೆ ಒಂದೇ ಕೋಣೆ, ನಾನೊಬ್ಬಳೇ. ಮಕ್ಕಳು ತರಗತಿಯ ಪ್ರಕಾರ ಕೂಡುವುದಿಲ್ಲ. ಯಾರಿಗೆ ಎಷ್ಟು ಬರುತ್ತದೋ ಅದರಂತೆ ಗುಂಪಾಗಿ ಕೂಡುತ್ತಾರೆ. ಇಲಾಖೆಯೇ ತರಬೇತಿ ಕೊಟ್ಟ ಪದ್ಧತಿ ಇದು. ಮೂರನೆಯ ತರಗತಿಯ ಮಹೆಕಳಿಗೆ ಅಕ್ಷರ ಕೂಡಿಸಿ ಓದಲು ಬರುತ್ತಿರಲಿಲ್ಲ. ಒಂದನೆಯವರ ಜೊತೆ ಕೂತು, ಅವರಿಗೆ ಬಿಡಿ ಅಕ್ಷರ ಹೇಳಿಕೊಡುತ್ತ ತಾನೂ ಕಲಿಯುತ್ತಿದ್ದಳು. ಆ ಬುಧವಾರ ಮೊದಲ ಸಲ ಪದದ ಕಾರ್ಡು ಹಿಡಿದು ‘ಗಾಳಿಪಟ’ ಎಂದು ಓದಿದ್ದಳು. ಅಷ್ಟರಲ್ಲಿ ತಪಾಸಣೆಗೆ ಇಲಾಖೆಯ ಸಾಹೇಬರು ಬಂದರು.

“ಏನವಾ, ಇಷ್ಟುದ್ದ ಬೆಳದು ಒಂದನೇತ್ತೆ ಹುಡುಗೂರ ಬಾಜೂಕ ಕುಂತೀಯಲ್ಲ?”

“ಇವರಿಗೆ ಕಲಸಾಕತ್ತೇನ್ರಿ ಸರ.”

“ಹೌದಾ! ಹಂಗಾರ ಪಗಾರ ನಿನಗೋ, ಅಕ್ಕೋರಿಗೋ?”

ಕೋಣೆಯೆಲ್ಲ ನಕ್ಕಿತು. ಮಹೆಕ ಕಾರ್ಡು ಕೆಳಗಿಟ್ಟಳು.

“ಅಕ್ಕೋರ, ತರಗತಿವಾರು ಸಾಲು ಕೂಡಸ್ರಿ. ಫೋಟೋ ಕಳಸೂದೈತಿ,” ಎಂದರು ಸಾಹೇಬರು.

ಪದ್ಧತಿ ಕಲಿಸಿದವರೇ ಅದನ್ನು ಕಂಡು ನಗುವುದು ಎಂಥ ನ್ಯಾಯ? ಕೇಳಬೇಕಿತ್ತು. ಮುಂದಿನ ವರ್ಷ ನನ್ನನ್ನು ಕರೆಯದಿದ್ದರೆ ಎಂದು ಹೆದರಿದೆ. ನಾನೇ ಅವಳ ಕೈ ಹಿಡಿದು ಎಬ್ಬಿಸಿ, ಮೂರನೆಯವರ ಸಾಲಿನಲ್ಲಿ ಕೂಡಿಸಿದೆ. ಫೋಟೋ ಚೆನ್ನಾಗಿ ಬಂತು.

ಮರುದಿನ ಹಳೆಯ ಗುಂಪಿಗೆ ಕರೆದರೆ ಬರಲಿಲ್ಲ. “ಬ್ಯಾಡ್ರಿ ಅಕ್ಕೋರ, ನಂದು ಮೂರನೇತ್ತೆ ಐತಿ,” ಎಂದಳು.

ಒಂದು ತಿಂಗಳಾಯಿತು. ದಿನವೂ ಪುಸ್ತಕ ತೆರೆದು, ಉಳಿದವರ ಜೊತೆಗೇ ಪುಟ ತಿರುಗಿಸುತ್ತಾಳೆ. ಓದು ಎಂದರೆ ತಲೆ ತಗ್ಗಿಸುತ್ತಾಳೆ. ಆ ಪುಟಗಳಲ್ಲಿ ಒಂದು ಪದವನ್ನಾದರೂ ಓದುತ್ತಿದ್ದಾಳೋ ಇಲ್ಲವೋ, ನನಗೆ ಗೊತ್ತಿಲ್ಲ.