ಜಾರಿದ ಒತ್ತಕ್ಷರ

ಕಿವಿ ಪೂರ್ತಿ ಕೇಳದಾದ ಮೇಲೆ ಚಿಕ್ಕಮ್ಮ ಸಿನಿಮಾ ನೋಡುವುದನ್ನೇ ಬಿಟ್ಟಿದ್ದರು. ಕೆಲಸದಲ್ಲಿದ್ದಷ್ಟು ಕಾಲವೂ ಒಂದನೇ ತರಗತಿಯ ಮಕ್ಕಳಿಗೆ ಅಕ್ಷರ ತಿದ್ದಿಸಿದ ಟೀಚರಮ್ಮ ಅವರು. ಎದುರು ಕೂತು ನಿಧಾನವಾಗಿ ಮಾತಾಡಿದರೆ ತುಟಿ ನೋಡಿ ತಿಳಿದುಕೊಳ್ಳುತ್ತಿದ್ದರು. ಆದರೆ ಸಿನಿಮಾದವರು ಬೆನ್ನು ತಿರುಗಿಸಿಯೂ ಮಾತಾಡುತ್ತಾರಲ್ಲ!

ಅವರ ಜೊತೆಗಿದ್ದವಳು ಅಕ್ಕನ ಮಗಳು. ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುವುದು ಅವಳ ಕೆಲಸ. ಬಿಡುವಾದಾಗ ಒಂದು ಆ್ಯಪ್‌ ಕಟ್ಟುವವರ ಗುಂಪಿಗೆ ಕೈಜೋಡಿಸುತ್ತಿದ್ದಳು. ಮನೆಯಲ್ಲಿರುವ ಸಿನಿಮಾ, ಹಾಡು, ಫೋಟೊಗಳನ್ನೆಲ್ಲ ಒಂದೇ ಕಡೆ ಜೋಡಿಸಿ ತೋರಿಸುವ ಆ್ಯಪ್ ಅದು. ಅದಕ್ಕೆ ಯಜಮಾನ ಅಂತ ಯಾರೂ ಇರಲಿಲ್ಲ. ಎಲ್ಲೆಲ್ಲಿಯದೋ ಜನ, ಒಬ್ಬರ ಮುಖ ಒಬ್ಬರು ನೋಡದವರು, ತಮ್ಮ ತಮ್ಮ ಬಿಡುವಿನಲ್ಲಿ ಕಟ್ಟುತ್ತಿದ್ದರು. ಟೀವಿಗೆಂದು ಶುರುವಾದದ್ದನ್ನು ಈಗ ಫೋನಿಗೆ ಇಳಿಸುವ ಕೆಲಸ ನಡೆದಿತ್ತು. ಅವಳಿಗೆ ಕೋಡ್ ಬರೆಯಲು ಬರುತ್ತಿರಲಿಲ್ಲ. ಗುಂಡಿಗಳ ಮೇಲಿನ ಮಾತುಗಳನ್ನು ನಮ್ಮ ಭಾಷೆಗೆ ತರುತ್ತಿದ್ದಳು, ಅಷ್ಟೆ.

ಒಂದು ಭಾನುವಾರ ಪರೀಕ್ಷೆಗೆ ಬಿಟ್ಟಿದ್ದ ಆ್ಯಪನ್ನು ಚಿಕ್ಕಮ್ಮನ ಫೋನಿಗೇ ಹಾಕಿ, ಕನ್ನಡ ಸಬ್‌ಟೈಟಲ್ ಇರುವ ಒಂದು ಸಿನಿಮಾ ಹಚ್ಚಿಕೊಟ್ಟಳು. ಚಿಕ್ಕಮ್ಮ ಕನ್ನಡಕ ಏರಿಸಿ ನೋಡಿದರು. ಮುಖ ಕಿವುಚಿಕೊಂಡರು.

"ಇದ್ಯಾರೇ ಬರೆದಿದ್ದು? ಒತ್ತಕ್ಷರ ಎಲ್ಲಾ ಬೀದಿಗೆ ಬಿದ್ದಿದೆ!"

ನಿಜವೇ. ಅಕ್ಷರದ ಕಾಲಡಿ ಕೂರಬೇಕಾದ ಒತ್ತುಗಳು ಪಕ್ಕಕ್ಕೆ ಜಾರಿದ್ದವು. ಕೊಂಬು ಒಂದು ಕಡೆ, ದೀರ್ಘ ಇನ್ನೊಂದು ಕಡೆ. ಓದಲು ಹೋದರೆ ನಾಲಿಗೆ ಎಡವುತ್ತಿತ್ತು.

ಅವಳು ಗುಂಪಿಗೆ ಇಂಗ್ಲಿಷಿನಲ್ಲಿ ಬರೆದಳು. ಒಬ್ಬರು ಉತ್ತರ ಕೊಟ್ಟರು. ಗುಂಪಿನಲ್ಲಿ ಅವರ ಹೆಸರು ಗೂಬೆ. ಸರಕಿನ ಹಡಗಿನ ಎಂಜಿನ್ ಕೋಣೆಯಲ್ಲಿ ಕೆಲಸವಂತೆ, ದಡ ಹತ್ತಿರವಾದಾಗ ಮಾತ್ರ ಸಿಗ್ನಲ್ಲಂತೆ. "ನಾನು ನೋಡ್ತೀನಿ. ಆದ್ರೆ ನಿಮ್ಮ ಲಿಪಿಯ ಒಂದಕ್ಷರವೂ ನಂಗೆ ಗೊತ್ತಿಲ್ಲ. ಸರಿಯಾದದ್ದು ಹೇಗಿರುತ್ತೆ ಅಂತ ಚಿತ್ರ ಕಳಿಸಿ."

ಚಿಕ್ಕಮ್ಮನಿಗೆ ಹೇಳಿದರೆ ನಗು. "ತಮಗೆ ತಾವೇ ಗೂಬೆ ಅಂತ ಹೆಸರಿಟ್ಟುಕೊಳ್ಳೋರೂ ಇದ್ದಾರಾ? ಅಕ್ಷರ ಬರದೇ ಇರೋನು ಅಕ್ಷರ ತಿದ್ತಾನಂತೆ!"

ನಕ್ಕರೂ ಹಾಳೆ ತೆಗೆದುಕೊಂಡರು. ಸಿನಿಮಾದ ಒಂದೇ ಸಾಲನ್ನು ಆರಿಸಿ, ಬೋರ್ಡಿನ ಮೇಲೆ ಬರೆಯುವಂತೆ ದಪ್ಪಗೆ ಬರೆದರು. ಯಾವ ಒತ್ತು ಯಾವ ಅಕ್ಷರದ ಕೆಳಗೆ ಎಂದು ಕೆಂಪು ಶಾಯಿಯಲ್ಲಿ ಬಾಣ ಹಾಕಿದರು. ಅವಳು ಫೋಟೊ ತೆಗೆದು ಕಳಿಸಿದಳು.

ಆಮೇಲೆ ಗೂಬೆಯ ಸುಳಿವಿಲ್ಲ. ಸಮುದ್ರ ನುಂಗಿತೇನೋ ಅಂದುಕೊಂಡಾಗ ಆ್ಯಪಿನ ಒಂದು ಹೊಸ ಪ್ರತಿ ಬಂತು. ಒತ್ತು ಕೆಳಕ್ಕೆ ಇಳಿದಿತ್ತು, ಆದರೆ ಮುಂದಿನ ಅಕ್ಷರದ ಅಡಿಗೆ ಹೋಗಿ ಕೂತಿತ್ತು.

"ಪರವಾಗಿಲ್ಲ, ಹುಡುಗ ಕಲೀತಿದ್ದಾನೆ," ಎಂದ ಚಿಕ್ಕಮ್ಮ ಮತ್ತೆ ಬಾಣ ಹಾಕಿದರು.

ಹೀಗೇ ಹೋಯಿತು, ಬಂತು. ನಡುವೆ ಇನ್ಯಾರೋ ಸೇರಿಕೊಂಡರು. ಹಳೆಯ ಫೋನು ಕಾದ ಹೆಂಚಾಗುತ್ತಿದೆ ಎಂದು ಒಬ್ಬರು ದೂರಿದರೆ, ಮಗುವನ್ನು ಮಲಗಿಸಿ ಕೂತ ಒಬ್ಬ ತಾಯಿ ಕೋಡ್ ತಿದ್ದಿ ಅದನ್ನು ತಣ್ಣಗಾಗಿಸಿದಳು. ಚಿಕ್ಕಮ್ಮನ ಹಾಳೆಯನ್ನು ಅವರೆಲ್ಲರೂ ಪಕ್ಕದಲ್ಲಿಟ್ಟುಕೊಂಡು ಗೆರೆಗೆ ಗೆರೆ ಹೋಲಿಸುತ್ತಿದ್ದರು. ಓದಲು ಬರುತ್ತಿದ್ದವರು ಅವರಲ್ಲಿ ಒಬ್ಬರೂ ಇಲ್ಲ.

ಕೊನೆಗೊಂದು ಮಧ್ಯಾಹ್ನ ಅವಳು ಊಟಕ್ಕೆ ಬಂದಾಗ ಹೊಸ ಪ್ರತಿ ಬಂದಿತ್ತು. ಹಾಕಿದಳು. ಚಿಕ್ಕಮ್ಮ ಫೋನನ್ನು ಕಣ್ಣ ಹತ್ತಿರ ಹಿಡಿದರು. ಅದೇ ಸಾಲು ಬಂತು.

"ಅಕ್ಕ ಬಂದಿದ್ದಾಳೆ, ಇನ್ನೊಂದು ತಟ್ಟೆ ಇಡಿ," ಎಂದು ಅವರು ಗಟ್ಟಿಯಾಗಿ ಓದಿದರು. ಮುಂದಿನ ಸಾಲು ಓದಿದರು. ಅದರ ಮುಂದಿನದನ್ನೂ. ತಟ್ಟೆಯಲ್ಲಿ ಅನ್ನ ಆರುತ್ತಿತ್ತು. ಪರದೆಯ ಮೇಲಿನ ಹೆಂಗಸು ಬೆನ್ನು ತಿರುಗಿಸಿ ಏನೋ ಅಂದಳು. ಚಿಕ್ಕಮ್ಮ ಅದನ್ನೂ ಓದಿ ಬಿದ್ದು ಬಿದ್ದು ನಕ್ಕರು.

ಸರಿಹೋಯಿತೆಂದು ಬರೆದಾಗ ಗೂಬೆ ಕೇಳಿದರು: "ಒಂದು ಮಾತು. ಆ ಸಾಲಿನ ಅರ್ಥ ಏನು? ಅದು ನಂಗೆ ಬಾಯಿಪಾಠದ ಹಾಗೆ ಕಣ್ಣುಪಾಠ ಆಗ್ಬಿಟ್ಟಿದೆ. ಯಾವುದೋ ಪ್ರಾರ್ಥನೆ ಇರ್ಬೇಕು ಅಂದ್ಕೊಂಡಿದ್ದೀನಿ."

ಅವಳು ಅರ್ಥ ಬರೆದಳು. ತುಸು ಹೊತ್ತಾದ ಮೇಲೆ ಉತ್ತರ ಬಂತು: "ಹಾಗಾದ್ರೆ ನಾನು ತಪ್ಪು ತಿಳಿದಿರ್ಲಿಲ್ಲ."

ಆ ಪ್ರತಿ ಎಲ್ಲರ ಫೋನಿಗೂ ಹೋಯಿತು. ಒಂದೆರಡು ದಿನಗಳಲ್ಲಿ ಗುಂಪಿಗೆ ಫೋಟೊಗಳು ಬರತೊಡಗಿದವು. ಅವಳು ಎಂದೂ ಕಾಣದ ಲಿಪಿಗಳು. ಬಳ್ಳಿಯಂಥವು, ಗೂಡಿನಂಥವು, ತಲೆಯ ಮೇಲೆ ಟೋಪಿ ಹೊತ್ತಂಥವು. 'ನಮ್ಮ ಅಕ್ಷರಗಳೂ ಸರಿಹೋದವು', 'ನನ್ನ ತಾತ ಈಗ ಓದುತ್ತಿದ್ದಾರೆ', 'ಯಾರು ಮಾಡಿದ್ದು ಇದನ್ನು?' ಎಂದೆಲ್ಲ ಬರೆದಿದ್ದರು. ಒಂದು ಲಿಪಿಯ ಗಂಟು ಬಿಡಿಸಲು ಹೋದ ಕಡೆ, ಅದೇ ದಾರ ಎಷ್ಟೋ ಲಿಪಿಗಳಲ್ಲಿ ಸಿಕ್ಕಿಕೊಂಡಿತ್ತಂತೆ; ಒಂದು ಬಿಚ್ಚಿದ್ದೇ ಎಲ್ಲವೂ ಬಿಚ್ಚಿಕೊಂಡವಂತೆ.

ಅವಳು ಚಿಕ್ಕಮ್ಮನ ಎದುರು ಕೂತು, ಒಂದೊಂದಾಗಿ ತೋರಿಸಿ, ನಿಧಾನವಾಗಿ ಹೇಳಿದಳು. ಚಿಕ್ಕಮ್ಮ ಅರ್ಥವಾಗದ ಆ ಸಾಲುಗಳ ಮೇಲೆ, ಮಗುವಿನ ಕೈಹಿಡಿದು ತಿದ್ದಿಸುವವರ ಹಾಗೆ ಬೆರಳಾಡಿಸಿದರು.

"ಇಷ್ಟೊಂದು ಥರ ಬರೀತಾರೇನೇ ಜನ!" ಅಂದರು. ಅವರ ದನಿ ಪಿಸುಗುಟ್ಟಿದಷ್ಟೇ ಇತ್ತು. "ಇನ್ನೊಂದು ತೋರಿಸು."