ಎರಡು ಖಾಲಿ ಕಾರ್ಡು

ನನ್ನ ತಮ್ಮ ಕೀರ್ತನ್ ಬಿಟ್ಟುಹೋದ ಆಸ್ತಿ ಎಂದರೆ ಒಂದು ಬಿಸ್ಕತ್ತಿನ ಡಬ್ಬ, ಅದರ ತುಂಬ ‘ರಣಧ್ವಜ’ ಆಟದ ಕಾರ್ಡು. ಒಂದು ಆಟಿ ತಿಂಗಳಲ್ಲಿ, ಜಡಿಮಳೆಯ ನಡುವೆ ಜ್ವರ ಬಂದು ಹೋದ. ಆಗಿನ್ನೂ ಶಾಲೆಗೆ ಹೋಗುವ ಹುಡುಗ. ಅಮ್ಮ ಅವನ ಬಟ್ಟೆ, ಪುಸ್ತಕ, ಸೈಕಲ್ಲು ಎಲ್ಲ ಯಾರ್ಯಾರಿಗೋ ಕೊಟ್ಟಳು, ಡಬ್ಬವನ್ನು ಮಾತ್ರ ಕೊಡಲಿಲ್ಲ. ಡೊಂಬಿವಲಿಯ ನಮ್ಮ ಒನ್ ಬಿಎಚ್‌ಕೆಯಲ್ಲಿ ಉಸಿರಾಡಲೇ ಜಾಗ ಸಾಲದು, ಆದರೂ ಆ ಡಬ್ಬಕ್ಕೆ ಕಪಾಟಿನಲ್ಲಿ ಒಂದು ಇಡೀ ಖಾನೆ.

ಅದರಲ್ಲಿರುವುದು ಮಾಮೂಲಿ ಕಾರ್ಡಲ್ಲ, ‘ಪಾತಾಳ ಪರ್ವ’ ಎಂಬ ಹಳೆಯ ಕಂತಿನವು ಎಂದು ಅವನ ಗೆಳೆಯ ಸೂರಜ್ ಈಗಲೂ ಕಣ್ಣರಳಿಸುತ್ತಾನೆ. ಸೂರಜ್‌ಗೆ ಠಾಣೆಯ ವರ್ತಕ ನಗರದಲ್ಲಿ ಮೊಬೈಲ್ ಅಂಗಡಿ. ತಲೆಕೂದಲು ಹೋಗಿದೆ, ಹುಚ್ಚು ಹೋಗಿಲ್ಲ. ಅವನ ಪ್ರಕಾರ ಆ ಕಂತಿನಲ್ಲಿ ಹೆಸರಿಸಬೇಕಾದ ಕಾರ್ಡು ಮೂರೇ. ಒಂದು ‘ಕಾಲಾ ನಾವಿಕ’. ಇವನು ಎದುರಾಳಿಯ ಒಬ್ಬ ಯೋಧನನ್ನು ದೋಣಿ ಹತ್ತಿಸಿಕೊಂಡು ತನ್ನ ದಡಕ್ಕೆ ಒಯ್ಯುತ್ತಾನೆ. ಹಾಗೆ ಹೋದವನನ್ನು ಬಿಡಿಸಿಕೊಳ್ಳಲು ಇರುವುದು ಎರಡನೆಯದು, ‘ಅದಲಾ-ಬದಲಿ’. ಮೂರನೆಯದು ‘ಖಾಲಿ ಯೋಧ’. ಅದರ ಮೇಲೆ ಚಿತ್ರವೇ ಇಲ್ಲ, ಆಡುವವರು ತಮ್ಮ ಹೆಸರು ಬರೆದು, ತಮ್ಮ ಮುಖ ಬಿಡಿಸಿ, ತಾವೇ ಯುದ್ಧಕ್ಕಿಳಿಯಬೇಕು. ಕೀರ್ತನ್ ಹತ್ತಿರ ಖಾಲಿ ಯೋಧನ ಕಾರ್ಡು ಎರಡಿದ್ದವು. ಒಂದು ತನಗೆ, ಒಂದು ಅಮ್ಮನಿಗೆ ಎಂದು ಬರೆಯದೆ ಉಳಿಸಿದ್ದ.

“ಅಮ್ಮ, ಒಂದೇ ಒಂದು ಆಟ” ಎಂದು ಅವಳ ಸೆರಗು ಹಿಡಿದು ತಿರುಗುತ್ತಿದ್ದ. ಅಮ್ಮ ಆಗ ಹೋಟೆಲಿನ ಹುಡುಗರಿಗೆ ಊಟದ ಡಬ್ಬ ಕಟ್ಟುತ್ತಿದ್ದಳು. “ನಾಳೆ ಆಡುವ ಮಗಾ” ಎನ್ನುತ್ತಿದ್ದಳು, ಸೌಟು ಕೆಳಗಿಡದೆ.

ಆಟಿಯಲ್ಲಿ ನಮ್ಮವರು ಸತ್ತವರಿಗೆ ಅಗೆಲು ಬಡಿಸುತ್ತಾರೆ. ಬಾಳೆ ಎಲೆಯಲ್ಲಿ ಕೋಳಿ ಸಾರು, ದೋಸೆ, ಪತ್ರೊಡೆ ಇಟ್ಟು, ಅವರಿಗೆ ಇಷ್ಟವಿದ್ದ ವಸ್ತುವನ್ನು ಪಕ್ಕದಲ್ಲಿಟ್ಟು, ದೀಪ ಹಚ್ಚಿ, ಬಾಗಿಲು ಎಳೆದುಕೊಂಡು ಎಲ್ಲರೂ ಹೊರಗೆ ಬರಬೇಕು. ಅವರು ಉಣ್ಣುವಷ್ಟು ಹೊತ್ತು ಬಿಟ್ಟು, ಬಾಗಿಲು ತಟ್ಟಿಯೇ ಒಳಗೆ ಹೋಗಬೇಕು. ಊರಿನ ಮನೆಗಳಲ್ಲಿ ಇದಕ್ಕೆಂದೇ ಕೋಣೆ ಇರುತ್ತದೆ. ನಮಗಿರುವುದು ಒಂದೇ ಬೆಡ್‌ರೂಮು, ಅದು ನನ್ನ ಮಗಳು ತೃಷಾಳ ಓದು, ಆಟ, ಜಗಳ ಎಲ್ಲದರ ಜಾಗ. ಎಡವಟ್ಟಾದದ್ದು ಅದರಿಂದಲೇ.

ಹೋದ ವರ್ಷದ ಬೇಸಿಗೆ ರಜೆಯಲ್ಲಿ ತೃಷಾ ಆ ಡಬ್ಬವನ್ನು ಪತ್ತೆ ಹಚ್ಚಿದ್ದಳು. ಒಂದು ಖಾಲಿ ಯೋಧನ ಮೇಲೆ ತನ್ನ ಹೆಸರು ಬರೆದು, ಎರಡು ಜುಟ್ಟಿನ ಮುಖ ಬಿಡಿಸಿ, ಮತ್ತೆ ಅಲ್ಲೇ ಹಾಕಿದ್ದಳು. ಅಮ್ಮ ಪ್ರತಿ ಆಟಿಯಂತೆ ಡಬ್ಬವನ್ನು ತೆರೆದು ನೋಡದೆ ಎಲೆಯ ಪಕ್ಕ ಇಟ್ಟಳು. ಬದುಕಿರುವ ಮಗುವಿನ ಹೆಸರನ್ನು ನಾವೇ ಸತ್ತವನ ಎಲೆಗೆ ಬಡಿಸಿದೆವು.

ಅಮ್ಮ ಬಾಗಿಲು ತಟ್ಟಿ ತೆರೆದಾಗ ಊಟ ಇಟ್ಟಂತೆಯೇ ಇತ್ತು. ಡಬ್ಬದ ಮುಚ್ಚಳ ತೆರೆದಿತ್ತು. ಕಾರ್ಡುಗಳು ಟೈಲ್ಸಿನ ಮೇಲೆ ಎದುರುಬದುರು ಎರಡು ಸಾಲಾಗಿದ್ದವು. ಎಲೆಯ ಪಕ್ಕದ ಸಾಲಿನಲ್ಲಿ ಕಾಲಾ ನಾವಿಕ, ಅವನ ಅಡಿಯಿಂದ ಇಣುಕುವ ಎರಡು ಜುಟ್ಟು.

“ಇದು ನಿಂದೇ ಕಿತಾಪತಿ ಅಲ್ವಾ?” ಎಂದು ಮಗಳನ್ನು ಗದರಿದೆ.

“ಮಮ್ಮಿ, ಮೈ ತೋ ತುಮ್ಹಾರೇ ಪಾಸ್ ಬೈಠೀ ಥೀ” ಎಂದಳು. ನಿಜ, ಅಷ್ಟು ಹೊತ್ತೂ ನನ್ನ ತೊಡೆಗೆ ಒರಗಿಕೊಂಡೇ ಇದ್ದಳು.

“ಹಾಗಾದ್ರೆ ಫ್ಯಾನಿನ ಗಾಳಿ” ಎಂದೆ.

“ದೀಪ ಇಡುವಾಗ ಫ್ಯಾನ್ ಹಾಕ್ತಾರಾ ಯಾರಾದ್ರೂ?” ಎಂದಳು ಅಮ್ಮ. 

ಮರುದಿನ ತೃಷಾಗೆ ಜ್ವರ. ರಕ್ತ ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ. ಹಣೆ ಕೆಂಡ, ಕೈಕಾಲು ತಣ್ಣಗೆ. ಅವಳ ಅಂಗಾಲು ಒದ್ದೆಯಾಗುತ್ತಿತ್ತು. ಒರೆಸಿದರೆ ಮತ್ತೆ ಒದ್ದೆ, ಮತ್ತೆ ಕೆಸರಿನ ವಾಸನೆ. ಆ ವಾಸನೆ ನನಗೆ ಚೆನ್ನಾಗಿ ಗೊತ್ತು. ಐರೋಲಿಯ ನನ್ನ ಆಫೀಸಿನ ಕಿಟಕಿ ತೆರೆದರೆ ಇಳಿತದ ಹೊತ್ತಿಗೆ ಖಾಡಿಯಿಂದ, ಆ ಕಡಲ ಹಿನ್ನೀರಿನಿಂದ, ಬರುವುದು ಅದೇ.

“ಮಮ್ಮಿ, ಮಾಮಾ ಕೀ ಬೋಟ್ ಬಹುತ್ ಹಿಲ್ತೀ ಹೈ” ಎಂದಳು, ಬೆಡ್‌ರೂಮಿನ ಬಾಗಿಲನ್ನೇ ನೋಡುತ್ತ. ಮಾಮನ ದೋಣಿ ತುಂಬ ಅಲುಗಾಡುತ್ತದಂತೆ. ಅವಳ ಕಾರ್ಡನ್ನು ನಾವಿಕನ ಅಡಿಯಿಂದ ಕಿತ್ತು ನನ್ನ ಪರ್ಸಿಗೆ ಹಾಕಿ ಜಿಪ್ ಎಳೆದೆ. ಸ್ವಲ್ಪ ಹೊತ್ತಿಗೆ ನೋಡಿದರೆ ಪರ್ಸು ಖಾಲಿ, ಎರಡು ಜುಟ್ಟು ಮತ್ತೆ ನಾವಿಕನ ಅಡಿ.

“ಬಡಿಸಿದ್ದನ್ನು ಎಲೆಯಿಂದ ಕಸಿದರೆ ಆಗ್ತದಾ?” ಎಂದಳು ಅಮ್ಮ. “ಅವನು ಕೆಟ್ಟವನಲ್ಲ ಮಾರಾಯ್ತಿ. ಕೊಟ್ಟದ್ದನ್ನು ತಗೊಂಡ, ಅಷ್ಟೇ. ಅಳಿಯಕಟ್ಟಿನವರು ನಾವು, ತಾಯಿಯ ಕಡೆಯದ್ದೇ ನಮಗೆ ಕುಟುಂಬ. ಸೋದರಮಾವನಿಗೆ ಇವಳು ಸ್ವಂತದ ಕುಟುಂಬ ಅಲ್ವಾ?”

ಸೂರಜ್‌ಗೆ ಫೋನ್ ಮಾಡಿದೆ. ಮಗಳ ತಲೆಗೆ ಒದ್ದೆ ಬಟ್ಟೆ ಹಾಕುತ್ತ ಸ್ಪೀಕರಿನಲ್ಲಿಟ್ಟೇ ಮಾತಾಡಿದೆ. “ನಾವಿಕ ಖಾಲಿ ಯೋಧನನ್ನು ಒಯ್ದ್ರೆ ಏನು ಮಾಡ್ಬೇಕು?”

“ಅದಲಾ-ಬದಲಿ ಹಾಕ್ಬೇಕು ಅಕ್ಕ. ಆದ್ರೆ ಯೋಧನಿಗೆ ಬದಲು ಯೋಧನೇ ಆಗ್ಬೇಕು. ಇನ್ನೊಂದು ಖಾಲಿ ಯೋಧ ಇದ್ಯಲ್ಲ, ಅದಕ್ಕೆ ಹೆಸರು ಬರೆದು ಕೊಡ್ಬೇಕು. ಯಾಕಕ್ಕ, ಮಾರ್ತೀರಾ?”

“ಇಲ್ಲ, ಆಡ್ತೇವೆ” ಎಂದು ಫೋನ್ ಇಟ್ಟೆ.

ಯಾರ ಹೆಸರು ಎಂದು ಯೋಚಿಸುವ ಪ್ರಶ್ನೆಯೇ ಇರಲಿಲ್ಲ. ಹೆತ್ತವಳು ನಾನು. ಗಂಡ ರಂಜನ್ ಕಳಂಬೋಲಿಯ ಕಬ್ಬಿಣದ ಮಾರ್ಕೆಟಿನಲ್ಲಿ ಕೆಲಸದಲ್ಲಿದ್ದ, ಹೇಳಿದ್ದರೆ ತಲೆ ಕೆಟ್ಟಿದೆ ಎನ್ನುತ್ತಿದ್ದ. ಪೆನ್ನು ಹುಡುಕುತ್ತಿದ್ದಾಗ ಅಮ್ಮ ಅಡುಗೆಮನೆಯಿಂದ ಕೂಗಿದಳು. “ಇನ್ನೊಮ್ಮೆ ಬಡಿಸ್ಲಿಕ್ಕೆ ಬಾಳೆ ಎಲೆ ಇಲ್ಲ. ಸ್ಟೇಷನ್ ಹತ್ತಿರದಿಂದ ತಗೊಂಡು ಬಾ, ಓಡು.”

ಓಡಿದೆ. ಮಳೆ, ರಿಕ್ಷಾ, ಜನ, ಎಲ್ಲಕ್ಕೂ ಶಾಪ ಹಾಕುತ್ತ ಎಲೆ ತಂದೆ. ಬಂದು ನೋಡಿದರೆ ಬೆಡ್‌ರೂಮಿನ ಬಾಗಿಲು ಮುಚ್ಚಿತ್ತು. ಅಮ್ಮ ಅದರ ಮುಂದೆ ನೆಲದ ಮೇಲೆ ಕೂತಿದ್ದಳು, ತೃಷಾಳ ತಲೆ ಅವಳ ಮಡಿಲಲ್ಲಿ.

“ಎಲೆ ಇತ್ತು ಮಗಾ. ಫ್ರಿಜ್ಜಿನಲ್ಲಿ” ಎಂದಳು.

ನಾನು ಬಾಗಿಲಿಗೆ ಕೈ ಹಾಕಿದೆ. ಅಮ್ಮ ನನ್ನ ಕಾಲು ಹಿಡಿದುಕೊಂಡಳು. “ತಟ್ಟದೆ ಹೋಗ್ಬೇಡ. ಕೂತಿದ್ದಾನೆ ಅವನು.”

ಒಳಗಿನಿಂದ ಟಪ್ ಎಂದು ಸದ್ದು ಬಂತು. ಒಂದು ಕಾರ್ಡನ್ನು ನೆಲಕ್ಕೆ ಬಡಿದ ಸದ್ದು. ಕೀರ್ತನ್ ಹಾಗೆಯೇ ಬಡಿಯುತ್ತಿದ್ದ, ಕೆಳಗಿನ ಮನೆಯವರು ಬಂದು ಬಯ್ಯುವಷ್ಟು ಜೋರಾಗಿ.

ನನಗೆ ಅಮ್ಮನ ಮೇಲೆ ತಡೆಯಲಾರದ ಸಿಟ್ಟು ಬಂತು. “ನಿನ್ನನ್ನು ಯಾರು ಕೇಳಿದ್ದು?” ಎಂದು ಕಿರುಚಿದೆ.

“ಅವನೇ ಕೇಳಿದ್ದಲ್ವಾ, ಎಷ್ಟು ಸಲ” ಎಂದಳು ಅಮ್ಮ ಮೆಲ್ಲಗೆ. “ನಾಳೆ ನಾಳೆ ಅಂತ ಹೇಳಿದ್ದು ನಾನು.”

ಸದ್ದು ನಿಂತ ಮೇಲೆ ಅವಳೇ ಬಾಗಿಲು ತಟ್ಟಿದಳು. ತೃಷಾಳ ಕಾರ್ಡು ಅದಲಾ-ಬದಲಿಯ ಜೊತೆ ಹೊಸ್ತಿಲ ಹತ್ತಿರ ಬಿದ್ದಿತ್ತು. ನಾವಿಕನ ಅಡಿಯಲ್ಲಿ ಈಗ ಬೇರೆ ಕಾರ್ಡು. ಅದರ ಮೇಲೆ ಸೊಟ್ಟ ಕನ್ನಡ ಅಕ್ಷರದಲ್ಲಿ ‘ಚಂಪಾ’. ಮುಖ ಬಿಡಿಸಲು ಬಾರದ ಅಮ್ಮ ಆ ಜಾಗದಲ್ಲಿ ಒಂದು ಸೌಟಿನ ಚಿತ್ರ ಬರೆದಿದ್ದಳು. ನಾನು ಅದನ್ನು ನೋಡಿ ಬಿಕ್ಕಿ ಬಿಕ್ಕಿ ಅತ್ತೆ.

“ಅಜ್ಜಿ, ಭೂಕ್ ಲಗೀ ಹೈ” ಎಂದು ತೃಷಾ ಎದ್ದು ಕೂತಳು. ಹಣೆ ಬೆವರಿತ್ತು, ಅಂಗಾಲು ಒಣಗಿತ್ತು. ಅಮ್ಮ ಖುಷಿಯಿಂದ ದೋಸೆ ತರಲು ಅಡುಗೆಮನೆಗೆ ಹೋದಳು. ಅವಳು ನಡೆದ ಟೈಲ್ಸಿನ ಮೇಲೆಲ್ಲ ಒದ್ದೆ ಹೆಜ್ಜೆ ಮೂಡಿತ್ತು. ನಾನು ಬಟ್ಟೆ ತಂದು ಒರೆಸಿದೆ, ಒರೆಸುತ್ತಲೇ ಇದ್ದೆ.

ಆಟಿ ಮುಗಿಯುವ ಮೊದಲೇ ಅಮ್ಮ ಹೋದಳು. ಮಧ್ಯಾಹ್ನ ಬೀನ್ಸ್ ಹೆಚ್ಚಿಟ್ಟು ಮಲಗಿದವಳು ಏಳಲಿಲ್ಲ. ಹೃದಯ ಎಂದರು ಡಾಕ್ಟರು. ನಾನು ಹೌದು ಎಂದೆ.

ಈ ವರ್ಷ ಎರಡು ಎಲೆ ಹಾಕಿದೆ. ನಡುವೆ ಡಬ್ಬವಿಟ್ಟೆ. ಅದರೊಳಗೆ ತೃಷಾಳ ಕಾರ್ಡಿಲ್ಲ ಎಂದು ಮತ್ತೆ ಮತ್ತೆ ನೋಡಿಕೊಂಡೆ. ರಂಜನ್ ಏನೂ ಕೇಳದೆ ತಾನೇ ಹೋಗಿ ಫ್ಯಾನ್ ಆರಿಸಿ ಬಂದ. ಬಾಗಿಲಾಚೆ ಟಪ್ ಎನ್ನುವ ಸದ್ದು ಬಹಳ ಹೊತ್ತು ಕೇಳಿತು. ತೃಷಾ ನನ್ನ ಕೈಯನ್ನು ಬಿಗಿಯಾಗಿ ಹಿಡಿದಿದ್ದಳು.

ತಟ್ಟಿ ಒಳಗೆ ಹೋದಾಗ ಆಟ ಮುಗಿದಿತ್ತು. ಅಮ್ಮನ ಸಾಲಿನಲ್ಲಿ ಯೋಧರು ಉಳಿದಿರಲಿಲ್ಲ, ಒಬ್ಬನನ್ನು ಉಳಿಸಿಕೊಂಡು ಕೀರ್ತನ್ ಗೆದ್ದಿದ್ದ. ಅಮ್ಮನ ಎಲೆಯ ಪಕ್ಕ ಒಂದು ಕಾರ್ಡು ಮಗುಚಿ ಬಿದ್ದಿತ್ತು, ಆಡದೆ ಉಳಿಸಿಕೊಂಡದ್ದು. ತಿರುಗಿಸಿ ನೋಡಿದೆ. ಕಾಲಾ ನಾವಿಕ. ಅದನ್ನು ಹಾಕಿದ್ದರೆ ಅವನ ಕೊನೆಯ ಯೋಧನನ್ನು ಒಯ್ದು ಅಮ್ಮನೇ ಗೆಲ್ಲುತ್ತಿದ್ದಳು. ಹಾಕಿರಲಿಲ್ಲ. ಮಗನ ಜೊತೆ ಕೂತು ಸೋಲುವುದಕ್ಕೆ ಅವಳಿಗೆ ಕೊನೆಗೂ ಪುರುಸೊತ್ತು ಸಿಕ್ಕಿತ್ತು.